ಮುಚ್ಚಿದ ಕಾರ್ಖಾನೆಯಲ್ಲಿ ತಮಗೆ ಚಹಾ ಕೊಟ್ಟ ತಪ್ಪಿಗೆ

ಮಾನ್ಯ ತನಿಖಾಧಿಕಾರಿ ಹಯಾಮಿಜು ಅವರ ಸನ್ನಿಧಿಗೆ,

ಚೆರ್ರಿ ಹೂಗಳೆಲ್ಲ ಉದುರಿ, ಬಂದರಿನ ಹಿಂದಿನ ಗುಡ್ಡದಲ್ಲಿ ಎಳೆ ಹಸಿರು ಕಾಣಿಸಿಕೊಂಡಿರುವ ಈ ದಿನಗಳಲ್ಲಿ ತಾವೂ ತಮ್ಮ ಕಚೇರಿಯ ಸಮಸ್ತ ಸಿಬ್ಬಂದಿಯೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಫೆಬ್ರವರಿಯಲ್ಲಿ ಬಂದಾಗ ತಮಗಿದ್ದ ಕೆಮ್ಮು ಈಗ ಪೂರ್ತಿ ವಾಸಿಯಾಗಿರಬೇಕು. ನಾನು ಶಿರೋಸೆಯ ಇಸೊಗಾಯಿ ಕೈಗವಸು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಸಿದ್ಧ ಸರಕನ್ನು ಪರಿಶೀಲಿಸುವ ಕೆಲಸ ಮಾಡಿದ ಶಿಗೆನೊ ಒಚಿಯಾಯಿ. ಹೆಸರಿನಿಂದ ಗುರುತು ಹತ್ತದಿದ್ದರೆ, ತಮಗೆ ಎರಡು ಬಾರಿ ಚಹಾ ಕೊಟ್ಟು ಎರಡು ಬಾರಿಯೂ ತೊಂದರೆಗೆ ಸಿಕ್ಕಿಕೊಂಡ ಹೆಂಗಸು ಎಂದರೆ ನೆನಪಾಗಬಹುದು.

ಈ ಪತ್ರವನ್ನು ನೇರವಾಗಿ ತಮ್ಮ ಕಚೇರಿಗೆ ಕಳಿಸದೆ ಊರಿನ ಪತ್ರಿಕೆಯ ಓದುಗರ ಅಂಕಣಕ್ಕೆ ಕಳಿಸಿದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಡಿಸೆಂಬರಿನಲ್ಲಿ ನಾನು ತಮ್ಮ ಕಚೇರಿಗೇ ಒಂದು ಪತ್ರ ಬರೆದಿದ್ದೆ. ಅದರಿಂದ ಆದ ಅನಾಹುತದ ನಂತರ, ನಾನು ಏನನ್ನಾದರೂ ಬರೆದು ಕಳಿಸುವುದಾದರೆ ಸಾಕ್ಷಿಯಾಗಿ ಇಡೀ ಊರೇ ಇರಲಿ ಎಂದು ನಾವು ಒಂಬತ್ತು ಜನ ಹೆಂಗಸರೂ ಒಮ್ಮತದಿಂದ ತೀರ್ಮಾನಿಸಿದ್ದೇವೆ.

ವಿಷಯ ತಮಗೆ ಗೊತ್ತಿದ್ದರೂ ಪತ್ರಿಕೆಯ ಓದುಗರಿಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕಳೆದ ನವೆಂಬರ್ ಹದಿನಾಲ್ಕರಂದು, ಗುರುವಾರ, ಬೆಳಗಿನ ಸಭೆಯಲ್ಲಿ ನಮ್ಮ ಯಜಮಾನರಾದ ಯೋಶಿಮಿ ಇಸೊಗಾಯಿಯವರು ನಮ್ಮೆದುರು ನಿಂತು ಸೊಂಟ ಬಗ್ಗಿಸಿದರು. ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ಎರಡು ನಿಮಿಷ ಅವರು ಮೇಲೇಳಲಿಲ್ಲ. ಎದ್ದಾಗ, ಚರ್ಮ ಪೂರೈಸುವವರು ಸಾಲ ನಿಲ್ಲಿಸಿದ್ದಾರೆ, ಬ್ಯಾಂಕಿನವರು ಫೋನು ಎತ್ತುತ್ತಿಲ್ಲ, ನಾಳೆಯಿಂದ ಯಾರೂ ಬರಬೇಡಿ ಎಂದು ಹೇಳಿ, ಬಾಗಿಲ ಬೀಗದ ಕೈಯನ್ನು ನನ್ನ ಕೈಗಿಟ್ಟು ಹೊರಟುಹೋದರು. ನ್ಯಾಯಾಲಯದಲ್ಲಿ ದಿವಾಳಿ ಘೋಷಿಸಿಕೊಳ್ಳಬೇಕೆಂದರೆ ವಕೀಲರ ಶುಲ್ಕ ಬೇಕು, ಅಷ್ಟು ದುಡ್ಡು ಕೂಡ ಅವರಲ್ಲಿರಲಿಲ್ಲ. ದಿವಾಳಿಯಾಗಲೂ ಕೈಯಲ್ಲಿ ಒಂದಿಷ್ಟು ಇರಬೇಕೆಂಬುದು ನಮಗೆ ತಿಳಿದದ್ದು ಅಂದೇ.

ಇಂಥ ಹೊತ್ತಿನಲ್ಲಿ ಕೈಹಿಡಿಯಲು ಸರ್ಕಾರ ಒಂದು ಒಳ್ಳೆಯ ಏರ್ಪಾಡು ಮಾಡಿದೆ. ಮಾಲೀಕ ಮುಳುಗಿಹೋದರೆ, ಕೆಲಸಗಾರರಿಗೆ ಬರಬೇಕಾದ ಸಂಬಳದಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಸರ್ಕಾರವೇ ಅವನ ಬದಲಿಗೆ ಕೊಡುತ್ತದೆ. ನಮಗೆ ಬರಬೇಕಾದದ್ದು ಮೂರು ತಿಂಗಳ ಸಂಬಳ. ನ್ಯಾಯಾಲಯದ ಆದೇಶ ಇಲ್ಲದಿದ್ದರೆ ತಮ್ಮಂಥ ಅಧಿಕಾರಿಯೊಬ್ಬರು ಸ್ಥಳಕ್ಕೆ ಬಂದು, ಕೆಲಸ ನಿಂತಿದೆ, ಮತ್ತೆ ಶುರುವಾಗುವ ಸೂಚನೆ ಇಲ್ಲ, ಮಾಲೀಕನಿಗೆ ಕೊಡುವ ಶಕ್ತಿ ಇಲ್ಲ ಎಂಬ ಮೂರು ಮಾತನ್ನು ಬರೆದು ಸಹಿ ಹಾಕಿದರೆ ಸಾಕು. ಕೆಲಸ ಬಿಟ್ಟ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬುದೊಂದೇ ಕಟ್ಟಳೆ. ಇದಕ್ಕಿಂತ ಸುಲಭವಾದದ್ದು ಯಾವುದಿದೆ! ಮುಚ್ಚಿದ ಕಾರ್ಖಾನೆಯನ್ನು ಮುಚ್ಚಿದೆ ಎಂದು ತೋರಿಸುವುದು ಯಾರಿಗೆ ತಾನೇ ಕಷ್ಟ?

ನಮಗೆ ಕಷ್ಟವಾಯಿತು, ಮಾನ್ಯರೇ. ನಮ್ಮ ಅರ್ಜಿ ಮೂರು ಸಲ ವಾಪಸು ಬಂದಿದೆ.

ತಾವು ಮೊದಲ ಬಾರಿ ದಯಮಾಡಿಸಿದ್ದು ಡಿಸೆಂಬರ್ ಒಂಬತ್ತರಂದು, ಬೆಳಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ. ಆಗ ಅಂಗಳದಲ್ಲಿ ನಾವು ಒಂಬತ್ತು ಜನರೂ ಸಾಲಾಗಿ ನಿಂತು, ಕ್ಯಾಸೆಟ್ಟಿನ ಪಿಯಾನೊ ಹಾಡಿಗೆ ತಕ್ಕಂತೆ ತೋಳು ಬೀಸಿ ವ್ಯಾಯಾಮ ಮಾಡುತ್ತಿದ್ದೆವು. ಬರಬೇಡಿ ಎಂದು ಯಜಮಾನರು ಹೇಳಿದ್ದು ನಿಜ. ಆದರೆ ಮೂವತ್ತು ವರ್ಷದಿಂದ ಎಂಟು ಗಂಟೆಗೆ ಅಲ್ಲಿ ನಿಲ್ಲುತ್ತಿದ್ದ ಕಾಲುಗಳಿಗೆ ಅದನ್ನು ಯಾರು ಹೇಳಬೇಕು? ಮೊದಲ ದಿನ ಇಬ್ಬರು ಬಂದರು, ಎರಡನೆಯ ದಿನ ಐವರು. ಬಂದ ಮೇಲೆ ಬಾಗಿಲ ಮುಂದೆ ಎಲೆ ಬಿದ್ದಿರುವುದನ್ನು ನೋಡಿಯೂ ಗುಡಿಸದೆ ಹೋದರೆ ಪಕ್ಕದ ತೋಫು ಅಂಗಡಿಯವರು ಏನೆಂದುಕೊಳ್ಳುತ್ತಾರೆ? ಗುಡಿಸಿದೆವು. ಗುಡಿಸುವಾಗ ನಮ್ಮ ಗಡಿಯಲ್ಲೇ ಪೊರಕೆ ನಿಲ್ಲಿಸುವುದು ಸಣ್ಣತನವೆಂದು ಪಕ್ಕದವರ ಮುಂದೆಯೂ ಒಂದು ಮೊಳ ಗುಡಿಸಿದೆವು. ಆಮೇಲೆ ಹಾಜರಿ ಯಂತ್ರಕ್ಕೆ ಕಾರ್ಡು ತೂರಿಸಿ ಹೊತ್ತಿನ ಮುದ್ರೆ ಹಾಕಿಸಿಕೊಂಡು ಮನೆಗೆ ಹೋದೆವು. ತಾವು ಆ ಕಾರ್ಡುಗಳನ್ನು ಒಂದೊಂದಾಗಿ ತಿರುವಿ ನೋಡಿ, ತುಂಬ ಮೆಲ್ಲಗೆ ಕೇಳಿದಿರಿ:

“ಅಮ್ಮಾ, ನೀವೆಲ್ಲ ಹದಿನಾಲ್ಕನೇ ತಾರೀಕಿಗೇ ಕೆಲಸ ಬಿಟ್ಟಿದ್ದೀವಿ ಅಂತ ಬರ್ದಿದ್ದೀರಿ. ಇಲ್ಲಿ ನಿನ್ನೆ ಮೊನ್ನೆವರೆಗೂ ಹಾಜರಿ ಇದೆಯಲ್ಲ?”

“ಹೌದು ಸಾಹೇಬ್ರೇ, ಒಬ್ರೂ ತಡ ಆಗಿಲ್ಲ ನೋಡಿ,” ಎಂದು ಉತ್ತರ ಕೊಟ್ಟವಳು ನಾನೇ. ಹೆಮ್ಮೆಯಿಂದಲೇ ಹೇಳಿದೆ. ತಾವು ಕಣ್ಣು ಮುಚ್ಚಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ನಾನು ಕೊಟ್ಟ ಚಹಾ ಕುಡಿದು, ವರದಿಯಲ್ಲಿ “ಕಾರ್ಮಿಕರ ಹಾಜರಿ ಪೂರ್ಣ, ಶಿಸ್ತು ಉತ್ತಮ” ಎಂದು ಬರೆದಿರಿ. ಇಷ್ಟು ವರ್ಷದಲ್ಲಿ ನಮ್ಮ ಶಿಸ್ತನ್ನು ಬರವಣಿಗೆಯಲ್ಲಿ ಮೆಚ್ಚಿಕೊಂಡವರು ತಾವೊಬ್ಬರೇ. ಅದಕ್ಕಾಗಿ ನಾವು ಸದಾ ಋಣಿಗಳು.

ಅರ್ಜಿ ವಾಪಸು ಬಂದ ದಿನವೇ ನಾನು ವಿವರಣೆಯ ಪತ್ರ ಬರೆದೆ. ಕಂಪನಿ ಸಂಪೂರ್ಣ ನಿಂತುಹೋಗಿದೆ, ಪತ್ರ ವ್ಯವಹಾರ ಕೂಡ ಇಲ್ಲ ಎಂದು ಎರಡು ಪುಟ ಬರೆದೆ. ಸರ್ಕಾರಿ ಕಚೇರಿಗೆ ಬರಿ ಹಾಳೆಯಲ್ಲಿ ಬರೆದರೆ ಮರ್ಯಾದೆಯಲ್ಲವೆಂದು ಕಪಾಟಿನಲ್ಲಿ ಉಳಿದಿದ್ದ ಕಂಪನಿಯ ಹೆಸರು ಅಚ್ಚಾದ ಕಾಗದವನ್ನೇ ತೆಗೆದೆ, ಕಂಪನಿಯ ಲಕೋಟೆಯಲ್ಲೇ ಹಾಕಿದೆ, ಮೂವತ್ತನಾಲ್ಕು ವರ್ಷದ ಅಭ್ಯಾಸದಂತೆ ಮೇಲೆ ಪತ್ರದ ಕ್ರಮಸಂಖ್ಯೆಯನ್ನೂ ನಮೂದಿಸಿದೆ. ಅದನ್ನು ತಾವು ಕಡತದಲ್ಲಿ ಸೇರಿಸಿ, ಕಂಪನಿಯ ಪತ್ರ ವ್ಯವಹಾರ ಕ್ರಮಬದ್ಧವಾಗಿ ನಡೆಯುತ್ತಿದೆ ಎಂಬುದಕ್ಕೆ ದಾಖಲೆ ಮಾಡಿದಿರಿ. ತಮ್ಮನ್ನು ದೂರುವಂತಿಲ್ಲ. ನಾನೇ ತಮ್ಮ ಕುರ್ಚಿಯಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ನಾನು ಸರಕು ಪರಿಶೀಲನೆ ಮಾಡಿದವಳು, ಕಣ್ಣಿಗೆ ಕಂಡ ಹೊಲಿಗೆಯನ್ನು ಕಾಣಲಿಲ್ಲ ಎನ್ನಲು ನನಗೂ ಬರುವುದಿಲ್ಲ.

ಫೆಬ್ರವರಿಯ ಎರಡನೆಯ ಭೇಟಿಗೆ ತಾವು ಸೌಜನ್ಯದಿಂದ ನಾಲ್ಕು ದಿನ ಮೊದಲೇ ಫೋನು ಮಾಡಿದಿರಿ. ಅತಿಥಿ ಬರುತ್ತಾರೆಂದು ತಿಳಿದ ಮೇಲೆ ಧೂಳು ಹಾಗೇ ಬಿಡುವುದು ಹೇಗೆ? ನೆಲ ಒರೆಸಿದೆವು. ಹೊಲಿಗೆ ಯಂತ್ರಗಳಿಗೆ ಎಣ್ಣೆ ಬಿಟ್ಟೆವು. ತಮಗೆಂದು ಹೊಸ ಚಪ್ಪಲಿ ಇಟ್ಟೆವು. ಕರೆಂಟು ಜನವರಿಯಲ್ಲೇ ಹೋಗಿದ್ದರಿಂದ ನೀರನ್ನು ಸೀಮೆಎಣ್ಣೆ ಒಲೆಯ ಮೇಲೆ ಕಾಯಿಸಿ ಚಹಾ ಮಾಡಿ, ಜೊತೆಗೆ ಕೆಂಪು ಕಾಳಿನ ಹೂರಣ ತುಂಬಿದ ಅಕ್ಕಿ ಸಿಹಿ ಇಟ್ಟೆವು. ತಾವು “ಯಂತ್ರಗಳು ಬಳಕೆಗೆ ಸಿದ್ಧ ಸ್ಥಿತಿಯಲ್ಲಿವೆ” ಎಂದು ಬರೆಯುತ್ತಿದ್ದಾಗ ಒಳಗಿನ ಕೋಣೆಯಿಂದ ಟಕಟಕ ಸದ್ದು ಕೇಳಿತು. ಹೋಗಿ ನೋಡಿದರೆ ಎಪ್ಪತ್ತಮೂರು ವರ್ಷದ ತೊಮೆಕೊ ಅಕ್ಕ, ಹಿಂದಿನ ಯಜಮಾನರ ಕಾಲದ ಕಾಲುತುಳಿತದ ಯಂತ್ರದ ಮುಂದೆ ಕೂತು ಕೈಗವಸು ಹೊಲಿಯುತ್ತಿದ್ದರು.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಮೊದಲು ಎಡಗೈಗಳನ್ನೆಲ್ಲ ಹೊಲಿದು ಮುಗಿಸಿ, ಆಮೇಲೆ ಬಲಗೈಗೆ ಹೋಗುವ ಪದ್ಧತಿ. ಕೊನೆಯ ಆರ್ಡರಿನಲ್ಲಿ ಎಡಗೈ ಮುಗಿಯಿತು, ಬಲಗೈಗೆ ಚರ್ಮ ಬರಲಿಲ್ಲ. ಹಾಗಾಗಿ ಕಾರ್ಖಾನೆಯಲ್ಲಿ ಮೂರು ಸಾವಿರದ ಆರುನೂರು ಎಡಗೈಗಳಿವೆ, ಒಂದೂ ಬಲಗೈ ಇಲ್ಲ. ಜಗತ್ತಿನಲ್ಲಿ ಇದನ್ನು ಕೊಳ್ಳುವವರಿಲ್ಲ. ಕದಿಯಲೂ ಯಾರೂ ಬರಲಿಲ್ಲ.

“ಏನ್ ಮಾಡ್ತಿದ್ದೀರಮ್ಮ?” ಎಂದಿರಿ ತಾವು.

“ಕಾಣ್ಸಲ್ವಾ? ಬಲಗೈ,” ಎಂದರು ತೊಮೆಕೊ ಅಕ್ಕ. “ತುಂಡು ಚರ್ಮ ಒಂದಿಷ್ಟು ಬಿದ್ದಿತ್ತು. ಒಂದೇ ಕೈ ಮಾಡಿಟ್ಟು ಹೋಗೋಕ್ಕಾಗುತ್ತಾ ಮಗಾ, ನೋಡೋಕೆ ಪಾಪ ಅನ್ಸಲ್ವಾ?”

“ನೀವು ಹೊಲೀತಿದ್ರೆ ಉತ್ಪಾದನೆ ನಡೀತಿದೆ ಅಂತ ಬರೀಬೇಕಾಗುತ್ತೆ.”

“ಬರ್ಕೋ. ಆದ್ರೆ ನಿಧಾನವಾಗಿ ನಡೀತಿದೆ ಅಂತ ಬರಿ. ನಂಗೆ ಬಲಗಣ್ಣು ಕಾಣಲ್ಲ.”

ಅದು ತಮಾಷೆಯ ಮಾತಲ್ಲ, ಮಾನ್ಯರೇ. ತೊಮೆಕೊ ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣಿಗೆ ಕಳೆದ ಬೇಸಿಗೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಬಲಗಣ್ಣಿಗೆ ನವೆಂಬರಿನ ಸಂಬಳ ಬಂದ ಮೇಲೆ ಎಂದು ವೈದ್ಯರಿಗೆ ಹೇಳಿ ಬಂದಿದ್ದರು. ಬಾಡಿಗೆ ಮನೆ, ಸಣ್ಣ ಪಿಂಚಣಿ, ಅದರಲ್ಲಿ ಕಣ್ಣಿಗೆಂದು ಉಳಿಸಲು ಏನೂ ಇಲ್ಲ. “ನಾನೂ ನಮ್ಮ ಗ್ಲೌಸ್ ಥರಾನೇ, ಎಡಗಡೆ ಮಾತ್ರ ರೆಡಿ,” ಎಂದು ಅವರು ಹೇಳಿದಾಗ ನಾವೆಲ್ಲ ನಕ್ಕೆವು, ತಾವು ನಗಲಿಲ್ಲ. ಹೊರಡುವಾಗ ಚಪ್ಪಲಿಯನ್ನು ನೀಟಾಗಿ ತಿರುಗಿಸಿಟ್ಟು, ಬಾಗಿಲಲ್ಲಿ ನಿಂತು, “ನಾನು ಕಂಡಿದ್ದನ್ನೇ ಬರೀಬೇಕಲ್ಲಮ್ಮ. ಬೇರೆ ದಾರಿ ನಂಗೂ ಇಲ್ಲ,” ಎಂದಿರಿ. ಆ ಮಾತಿಗಾಗಿ ನಾವು ತಮ್ಮನ್ನು ಇಂದಿಗೂ ಗೌರವಿಸುತ್ತೇವೆ. ಅರ್ಜಿ ವಾಪಸು ಬಂದದ್ದಕ್ಕೆ ಮಾತ್ರ ಗೌರವಿಸುವುದು ಕಷ್ಟವಾಗುತ್ತಿದೆ.

ಆ ಬಾರಿ ವಾಪಸು ಬಂದ ಕಾಗದದಲ್ಲಿ ಬ್ಯಾಟರಿಯ ಪ್ರಸ್ತಾಪವೂ ಇತ್ತು. ಕರೆಂಟು ಹೋದ ಮೇಲೆ ವ್ಯಾಯಾಮದ ಹಾಡಿಗೆಂದು ನಾವು ಚಂದಾ ಎತ್ತಿ ನಾಲ್ಕು ಬ್ಯಾಟರಿ ತಂದಿದ್ದೆವು. ಅಂಗಡಿಯವರು ರಸೀದಿ ಯಾರ ಹೆಸರಿಗೆ ಎಂದು ಕೇಳಿದಾಗ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಅಕಿಯೊ, ಇಪ್ಪತ್ತು ವರ್ಷದಿಂದ ಹೇಳುತ್ತ ಬಂದ ಹಾಗೆ, “ಇಸೊಗಾಯಿ ಕೈಗವಸು ಕಾರ್ಖಾನೆ” ಎಂದುಬಿಟ್ಟಳು. ತಂದ ರಸೀದಿಯನ್ನು ಬಿಸಾಡುವುದುಂಟೇ? ಕಂಪನಿಯ ಕಡತದಲ್ಲಿ ತೂತು ಹಾಕಿ ಸೇರಿಸಿದ್ದಳು. ದಿವಾಳಿಯಾದ ಕಂಪನಿ ಫೆಬ್ರವರಿಯಲ್ಲಿ ಖರೀದಿ ನಡೆಸಿದೆ ಎಂಬುದು ತಮ್ಮ ಕಣ್ಣಿಗೆ ಬಿತ್ತು. ಅಷ್ಟು ಸಣ್ಣ ರಸೀದಿಯನ್ನು ಪತ್ತೆ ಮಾಡಿದ ತಮ್ಮ ಕಣ್ಣು ಎರಡೂ ಚೆನ್ನಾಗಿವೆ ಎಂಬುದು ಸಂತೋಷದ ವಿಷಯ.

ಇಷ್ಟಾದ ಮೇಲೆ ನಮಗೂ ಬುದ್ಧಿ ಬಂತು. ಮಾರ್ಚ್ ಹತ್ತರಿಂದ ಯಾರೂ ಹೋಗಕೂಡದು, ಗುಡಿಸಕೂಡದು, ಹೂಕುಂಡಕ್ಕೆ ನೀರು ಹಾಕಕೂಡದು ಎಂದು ನಿರ್ಣಯ ಮಾಡಿದೆವು. ಆ ಎಂಟು ದಿನ ನಾವು ಪಟ್ಟ ಪಾಡು ತಮಗೆ ತಿಳಿಯದು. ಅಕಿಯೊ ಎಂಟು ಗಂಟೆಗೆ ಅಡುಗೆಮನೆಯಲ್ಲೇ ತೋಳು ಬೀಸಿ ಪಿಂಗಾಣಿ ಬಟ್ಟಲು ಒಡೆದಳು. ನಾನು ಆ ಬೀದಿಯಲ್ಲಿ ಹೋಗಬೇಕಾಗಿ ಬಂದಾಗ ಕಾರ್ಖಾನೆಯ ಕಡೆ ಮುಖ ತಿರುಗಿಸದೆ ನಡೆದೆ. ಹದಿನೆಂಟರಂದು ತಾವು ಹೇಳದೆ ಕೇಳದೆ ಬಂದಿರಿ. ನಮಗೆ ಬೇಕಾಗಿದ್ದದ್ದೂ ಅದೇ. ಆದರೆ ಹೆಂಗಸರು ಕಾಣುತ್ತಿಲ್ಲವಲ್ಲ, ಯಾರಿಗಾದರೂ ಹುಷಾರಿಲ್ಲವೇನೋ ಎಂದು ಮರುಗಿ, ತೋಫು ಅಂಗಡಿಯ ಕಂದೋರಿಯವರು ಎಂಟೂ ದಿನ ನಮ್ಮ ಬಾಗಿಲು ಗುಡಿಸಿ, ಕುಂಡಗಳಿಗೆ ನೀರು ಹಾಕಿ, ಅಂದು ತಮ್ಮನ್ನೂ ಕರೆದು ಕೂರಿಸಿ ಉಪಚರಿಸಿದ್ದು ನಮಗೆ ತಿಳಿದದ್ದು ಆಮೇಲೆ.

“ಸ್ವಲ್ಪ ಕೂತ್ಕೊಳ್ಳಿ ಸಾರ್, ರಜೆ ಇರ್ಬೇಕು, ಬರ್ತಾರೆ,” ಎಂದರಂತೆ. “ಆ ಕಾರ್ಖಾನೆ ಹಂಗೆಲ್ಲ ಮುಚ್ಚೋದಲ್ಲ ಬಿಡಿ. ನಮ್ಮಪ್ಪನ ಕಾಲದಿಂದ ನೋಡಿದ್ದೀನಿ.”

ನಾನು ಹೋಗಿ ಜಗಳವಾಡಿದೆ. “ನಮ್ಮ ಎಲೆ ಗುಡ್ಸಿ ಅಂತ ಯಾರು ಕೇಳಿದ್ರು ನಿಮ್ಮನ್ನ?” ಎಂದೆ. ಕಂದೋರಿಯವರು ಮುಖ ಸಣ್ಣ ಮಾಡಿಕೊಂಡು, “ಮೂವತ್ತು ವರ್ಷ ನನ್ನ ಬಾಗಿಲ ಮುಂದೆ ಒಂದು ಮೊಳ ಗುಡಿಸಿದ್ದು ಯಾರು?” ಎಂದರು. ತೋಫು ಎರಡು ಗಡ್ಡೆ ಕೊಂಡು ಮನೆಗೆ ಬಂದೆ.

ಆದರೂ ತಮ್ಮ ಮೂರನೆಯ ವರದಿಯಲ್ಲಿ ನಿರ್ಣಾಯಕವಾದದ್ದು ಎಲೆಯಲ್ಲ, ನಮ್ಮ ಯಜಮಾನರ ಮಾತು. ತಾವು ಅವರನ್ನು ಫೋನಿನಲ್ಲಿ ಹಿಡಿದು ಕೇಳಿದಾಗ ಅವರು, “ಹೇಗಾದರೂ ಮಾಡಿ ಮತ್ತೆ ಶುರು ಮಾಡ್ತೀನಿ, ಎಲ್ಲರ ಸಂಬಳ ನಾನೇ ಕೊಡ್ತೀನಿ,” ಎಂದರಂತೆ. ಪುನರಾರಂಭದ ಸಾಧ್ಯತೆ ಇದೆ ಎಂದು ತಾವು ಬರೆದಿರಿ. ಮತ್ತೆ ವಾಪಸು.

ಹಾಗಾಗಿ ಏಪ್ರಿಲ್ ಇಪ್ಪತ್ತರ ಭಾನುವಾರ ನಾವು ಒಂಬತ್ತು ಜನರೂ ರೈಲು ಹತ್ತಿ ಪಕ್ಕದ ಪಟ್ಟಣಕ್ಕೆ ಹೋದೆವು. ಇಸೊಗಾಯಿಯವರು ಅಲ್ಲಿನ ದೊಡ್ಡ ಅಂಗಡಿಯೊಂದರ ಕಾರು ನಿಲ್ಲಿಸುವ ಜಾಗದಲ್ಲಿ, ಕೆಂಪು ದೀಪದ ಕೋಲು ಬೀಸುತ್ತ, ಒಳಬರುವ ಪ್ರತಿ ಕಾರಿಗೂ ಸೊಂಟ ಬಗ್ಗಿಸುತ್ತ ನಿಂತಿದ್ದರು. ಅರವತ್ತೆಂಟು ವರ್ಷ ವಯಸ್ಸು. ನಮ್ಮನ್ನು ಕಂಡು ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಹಿಂದೆ ಬಂದ ಕಾರು ಎಡಕ್ಕೆ ಹೋಗುವುದೋ ಬಲಕ್ಕೆ ಹೋಗುವುದೋ ತಿಳಿಯದೆ ಹಾರ್ನು ಮಾಡುತ್ತ ನಿಂತಿತು.

“ಇನ್ನೊಂದು ವರ್ಷ ಕೊಡಿ,” ಎಂದರು. “ಇಲ್ಲಿ ದುಡಿದು ಕೂಡಿಸ್ತಿದ್ದೀನಿ. ನಮ್ಮಪ್ಪ ಕಟ್ಟಿದ ಕಾರ್ಖಾನೆ. ಮುಗೀತು ಅಂತ ನನ್ನ ಬಾಯಲ್ಲೇ ಹೇಳಿಸ್ತೀರಾ?”

ನಾನು ಕಾನೂನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತೊಮೆಕೊ ಅಕ್ಕ ಚೀಲದಿಂದ ಒಂದು ಜೊತೆ ಕೈಗವಸು ತೆಗೆದು ಅವರ ಮುಂದೆ ಹಿಡಿದರು. ಎಡಗೈ ಕೊನೆಯ ಆರ್ಡರಿನದು. ಬಲಗೈ ಅವರು ತುಂಡು ಚರ್ಮದಲ್ಲಿ, ಒಂದೇ ಕಣ್ಣಿನಲ್ಲಿ, ಮೂರು ತಿಂಗಳು ಹೊಲಿದದ್ದು. ನಾನು ಪರಿಶೀಲನೆಯವಳು, ಸತ್ಯ ಹೇಳಬೇಕು: ಹೆಬ್ಬೆರಳಿನ ಹೊಲಿಗೆ ಸ್ವಲ್ಪ ಓರೆಯಾಗಿದೆ. ಆ ಒಂದು ಜೊತೆಯನ್ನು ನಾನು ಪಾಸು ಮಾಡಿದ್ದೇನೆ.

“ಹಾಕ್ಕೊಳ್ಳಿ ಯಜಮಾನ್ರೇ, ಕೈ ನೋಡಿ ಹೆಂಗೆ ಒಡೆದಿದೆ,” ಎಂದರು ತೊಮೆಕೊ ಅಕ್ಕ. “ನಮ್ಮ ಕೆಲಸ ನಾವು ಮುಗಿಸಿದ್ವಿ. ಅರ್ಧಕ್ಕೆ ಬಿಟ್ಟಿಲ್ಲ. ಇನ್ನು ನೀವೂ ಮುಗಿಸಿ. ನಂಗೆ ಕಣ್ಣು ಮಾಡಿಸ್ಕೋಬೇಕು.”

ಅವರು ಕೈಗವಸು ಹಾಕಿಕೊಂಡರು. ಬಹಳ ಹೊತ್ತು ಬೆರಳುಗಳನ್ನು ಮಡಚಿ ಬಿಡಿಸಿ ನೋಡಿದರು. ಆಮೇಲೆ ಅಂಗಡಿಯ ರಟ್ಟಿನ ಪೆಟ್ಟಿಗೆಯ ಮೇಲೆ ಕಾಗದ ಇಟ್ಟುಕೊಂಡು, ಕಾರ್ಖಾನೆ ಶಾಶ್ವತವಾಗಿ ನಿಂತಿದೆ, ಮತ್ತೆ ತೆರೆಯುವುದಿಲ್ಲ, ಕೊಡಲು ನನ್ನಲ್ಲಿ ಏನೂ ಇಲ್ಲ ಎಂದು ಬರೆದರು. ಆ ಕಾಗದದ ನಕಲನ್ನು ಹೊಸ ಅರ್ಜಿಯ ಜೊತೆ ಲಗತ್ತಿಸಿದ್ದೇನೆ.

ಅದರಲ್ಲಿ ಒಂದು ಸಣ್ಣ ತೊಡಕಿದೆ. ಬರೆದಾದ ಮೇಲೆ ಯಜಮಾನರು ಸೊಂಟದ ಚೀಲಕ್ಕೆ ಕೈ ಹಾಕಿ, ನಲವತ್ತು ವರ್ಷದಿಂದ ಅಲ್ಲೇ ಇರುವ ಮುದ್ರೆಯನ್ನು ತೆಗೆದು ಒತ್ತಿಬಿಟ್ಟರು. ಅದು ಸಹಿಯ ಬದಲು ಒತ್ತುವ ಅವರ ಸ್ವಂತ ಮುದ್ರೆಯಲ್ಲ, ಕಂಪನಿಯ ಅಧ್ಯಕ್ಷರ ಮುದ್ರೆ. ಕಂಪನಿ ಸತ್ತಿದೆ ಎಂದು ಕಂಪನಿಯೇ ಮುದ್ರೆ ಹಾಕಿ ತಿಳಿಸಿದಂತಾಗಿದೆ. ಮುದ್ರೆ ನಡೆಯುತ್ತದೆ ಎಂದರೆ ಕಂಪನಿ ಬದುಕಿದೆ. ಕಂಪನಿ ಬದುಕಿಲ್ಲ ಎಂದರೆ ಮುದ್ರೆ ನಡೆಯುವುದಿಲ್ಲ. ಇದನ್ನು ತಾವು ಹೇಗೆ ಬಿಡಿಸುತ್ತೀರೋ ನೋಡಲು ಊರಿಡೀ ಕಾತರದಿಂದಿದೆ. ಮುಂಜಾಗ್ರತೆಗೆಂದು ನಾವು ಮಾರನೆಯ ದಿನವೇ ಮತ್ತೆ ಹೋಗಿ, ಪಕ್ಕದಲ್ಲಿ ಅವರ ಸ್ವಂತ ಮುದ್ರೆಯನ್ನೂ ಒತ್ತಿಸಿಕೊಂಡು ಬಂದಿದ್ದೇವೆ. ಎರಡರಲ್ಲಿ ತಮಗೆ ಯಾವುದು ಸತ್ತಿಲ್ಲವೆನಿಸುವುದೋ ಅದನ್ನು ಸ್ವೀಕರಿಸುವುದು.

ಇನ್ನು ನಮ್ಮ ಕೋರಿಕೆಗಳು. ಮುಳುಗಿದ ಕಂಪನಿಯ ಕೆಲಸಗಾರರು ಹೇಗೆ ನಿಲ್ಲಬೇಕು, ಹೇಗೆ ಕೂರಬೇಕು, ಬಾಗಿಲ ಮುಂದೆ ಎಷ್ಟು ಎಲೆ ಬಿದ್ದಿರಬೇಕು ಎಂಬುದನ್ನು ತಿಳಿಸುವ ಒಂದು ತರಬೇತಿ ಶಿಬಿರವನ್ನು ತಮ್ಮ ಇಲಾಖೆ ಏರ್ಪಡಿಸಬೇಕು. ನಾವು ಸಮಯಕ್ಕೆ ಸರಿಯಾಗಿ ಹಾಜರಾಗುತ್ತೇವೆ, ಅದನ್ನು ಮಾತ್ರ ಬರೆದುಕೊಳ್ಳಬಾರದು. ಸಾಧ್ಯವಾದರೆ ಒಂದು ಜೇಡವನ್ನು ಎರವಲು ಕೊಡಬೇಕು. ಮೂವತ್ತು ವರ್ಷ ಮೂಲೆ ಮೂಲೆ ಒರೆಸಿದ ಕಟ್ಟಡವಾದ್ದರಿಂದ ಊರಿನ ಜೇಡಗಳಿಗೆ ನಮ್ಮ ಮೇಲೆ ನಂಬಿಕೆ ಇಲ್ಲ. ಸರ್ಕಾರದ ಜೇಡವಾದರೆ ಅದು ಕಟ್ಟಿದ ಬಲೆಗೆ ಬೇರೆ ದಾಖಲೆ ಕೇಳಲಾರರು. ಕಂದೋರಿಯವರಿಗೆ ಒಂದು ಅಧಿಕೃತ ನೋಟಿಸು ಕೊಟ್ಟು, ನೆರೆಯವರ ಬಗ್ಗೆ ಕಾಳಜಿ ವಹಿಸುವುದು ಮುಂದಿನ ಸೂಚನೆಯವರೆಗೆ ನಿಷೇಧ ಎಂದು ತಿಳಿಸಬೇಕು. ನಾನು ಹೇಳಿದರೆ ಕೇಳುವುದಿಲ್ಲ.

ಇದ್ಯಾವುದೂ ಆಗದಿದ್ದರೆ ಒಂದನ್ನು ನಡೆಸಿಕೊಡಿ. ಗಡುವು ಮೇ ಹದಿನಾಲ್ಕು. ತಾವು ಮೇ ಎಂಟರ ಗುರುವಾರ ಬೆಳಗ್ಗೆ ಎಂಟು ಗಂಟೆಗೆ ಒಮ್ಮೆ ಬನ್ನಿ. ಅಂಗಳದಲ್ಲಿ ಯಾರೂ ಇರುವುದಿಲ್ಲ. ಕ್ಯಾಸೆಟ್ ಯಂತ್ರದ ಬ್ಯಾಟರಿ ತೆಗೆದಿಟ್ಟಿದ್ದೇನೆ. ಹಾಜರಿ ಕಾರ್ಡುಗಳನ್ನು ಹಂಚಿಯಾಗಿದೆ; ಅವರವರದು ಅವರವರ ಮನೆಯಲ್ಲಿದೆ. ತೊಮೆಕೊ ಅಕ್ಕ ಕಾಲುತುಳಿತದ ಯಂತ್ರದ ಸೂಜಿ ಕಳಚಿ, ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಕೈಯಿಟ್ಟು “ಇಷ್ಟು ದಿನ ನೀನೂ ದಣಿದೆ” ಎಂದು ಹೇಳಿ ಬಂದಿದ್ದಾರೆ. ಬೀಗದ ಕೈ ಈ ಪತ್ರದ ಪ್ರತಿಯೊಂದಿಗೆ ತಮಗೆ ತಲುಪುತ್ತದೆ. ಬಾಗಿಲು ಸ್ವಲ್ಪ ಎತ್ತಿ ತಳ್ಳಬೇಕು. ಒಳಗೆ ಹೋಗಿ ಎಷ್ಟು ಹೊತ್ತು ಬೇಕಾದರೂ ನೋಡಿ. ತಾವು ಕಂಡದ್ದನ್ನೇ ಬರೆಯುವವರು. ಅಂದು ದಯವಿಟ್ಟು ಕಂಡದ್ದನ್ನೇ ಬರೆಯಿರಿ.

ನವೆಂಬರ್ ಹದಿನಾಲ್ಕರವರೆಗೆ ಕೆಲಸದಲ್ಲಿದ್ದ ಒಂಬತ್ತು ಜನರ ಪರವಾಗಿ, ಇನ್ನೂ ಎಂಟು ಗಂಟೆಯಾದರೆ ತಾನಾಗಿ ಎದ್ದು ನಿಲ್ಲುವ, ತಮ್ಮ ವಿಶ್ವಾಸಿ,

ಶಿಗೆನೊ ಒಚಿಯಾಯಿ
ಶಿರೋಸೆ, ಏಪ್ರಿಲ್ 24

ತಾಜಾಕಲಂ: ಅಷ್ಟು ದೂರದಿಂದ ಬರುವವರನ್ನು ಬಾಯಾರಿಸಿ ಕಳಿಸುವುದು ನಮ್ಮಿಂದಾಗದು. ಗೇಟಿನ ಪಕ್ಕ, ಹೂಕುಂಡದ ಹಿಂದೆ ಚಹಾದ ಫ್ಲಾಸ್ಕ್ ಇರುತ್ತದೆ. ಅದು ಕಂಪನಿಯದಲ್ಲ, ನನ್ನ ಮನೆಯದು. ಕೊಂಡ ರಸೀದಿ ನನ್ನ ಹೆಸರಿನಲ್ಲೇ ಇದೆ, ತಳಕ್ಕೆ ಅಂಟಿಸಿದ್ದೇನೆ. ಕುಡಿದ ಮೇಲೆ ಲೋಟವನ್ನು ದಯವಿಟ್ಟು ತೊಳೆಯಬೇಡಿ. ತೊಳೆದಿಟ್ಟ ಲೋಟ ಕಂಡರೆ ತಮ್ಮ ಮೇಲಿನವರು ಕಾರ್ಖಾನೆಯ ಅಡುಗೆಮನೆ ನಡೆಯುತ್ತಿದೆ ಎಂದು ಬರೆದಾರು. ಫ್ಲಾಸ್ಕನ್ನು ಪ್ರಮಾಣಪತ್ರದ ಜೊತೆಗೇ ಹಿಂದಿರುಗಿಸಿದರೆ ಸಾಕು. ತೊಮೆಕೊ ಅಕ್ಕನನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯುವ ದಿನ ನನಗೆ ಅದು ಬೇಕಾಗುತ್ತದೆ.